ಬಯಲು ಸಾಲಿ ಹೆಸರಿಗಾತು

ಜೇವರ್ಗಿ ಬಸ್ ನಿಲ್ದಾಣದಲ್ಲಿ ನಾನು ಕಲಬುರಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ನೆಲೋಗಿ ಕಡೆಯ ಒಂದು ಶಾಲಾ ಸಮಿತಿಯ ಅಧ್ಯಕ್ಷ ಶಿವರಾಯ ಕೂತು, ತಹಶೀಲ್ ಕಚೇರಿಯಿಂದ ತಂದ ಪಹಣಿಯನ್ನು ಮೂರನೇ ಸಲ ಬಿಚ್ಚಿ ನೋಡುತ್ತಿದ್ದ. ಅವನ ಓಣಿಯ ಸುಂದರಬಾಯಿ ಎಲೆ ಅಡಿಕೆ ಮೆಲ್ಲುತ್ತ ಕೇಳಿದಳು.

“ಏನೈತೋ ಅದ್ರಾಗ?”

“ನಮ್ಮೂರ ಸರ್ಕಾರಿ ಬಯಲು ಸಾಲಿ ಹೆಸರಿಗಾತು ಕಾಕಿ. ಆರು ವರ್ಷ ಅಡ್ಡಾಡೀನಿ. ಇನ್ನ ಯಾರೂ ಅದನ್ನ ಒತ್ತುವರಿ ಮಾಡಾಕ ಬರಂಗಿಲ್ಲ.”

“ಹಂಗಾದ್ರ ನಾವು ತೊಗರಿ ಎಲ್ಲಿ ರಾಶಿ ಮಾಡೂದು? ನಿನ್ನ ತಲಿ ಮ್ಯಾಲೇನು?”

“ಅಲ್ಲೇ ಮಾಡ್ರಿ. ಸಾಲಿಗೆ ಸೂಟಿ ಇದ್ದ ದಿನ ಊರಿನವ್ರೂ ಬಳಸ್ಕೋಬಹುದು ಅಂತ ಠರಾವ್ ಮಾಡೀವಿ. ಹೆಡ್ಮಾಸ್ತರಿಗೆ ಮೊದ್ಲ ಒಂದು ಅರ್ಜಿ ಕೊಟ್ರ ಸಾಕು.”

“ಎಲ್ಲಾರೂ ಕೊಡಬೇಕೇನು?”

“ಎಲ್ಲಾರೂ ಕೊಡಬೇಕು. ಆ ರೂಲ್ ನಾನೇ ಬರೆಸೀನಿ.”

“ಛಲೋ ಮಾಡಿದಿ. ಮತ್ತ ಅಲ್ಲಿ ಬೇವಿನ ಗಿಡಕ್ಕ ವರ್ಷಾನುಗಟ್ಟಲೆ ಕಟ್ಟಿರೋ ಎಮ್ಮಿ ಯಾರದು?”

ಶಿವರಾಯ ಪಹಣಿ ಮಡಚಿ ಜೇಬಿಗಿಟ್ಟುಕೊಂಡ. ಅಷ್ಟರಲ್ಲಿ ಅವರ ಬಸ್ಸು ಬಂತು. ಇಬ್ಬರೂ ಎದ್ದರು.

“ಕಾಕಿ, ನಿಮ್ಮ ಅಂಗಳ ಭಾಳ ದೊಡ್ಡದೈತಲ್ಲ. ನಾಳಿಂದ ಎಮ್ಮಿ ಅಲ್ಲಿ ಕಟ್ಲೇನು?”

ಸುಂದರಬಾಯಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು.

“ಕಟ್ಟಪ್ಪಾ, ಯಾರು ಬ್ಯಾಡ ಅಂದ್ರು? ಸೂಟಿ ದಿನ ಅಷ್ಟ. ಮೊದ್ಲ ಅರ್ಜಿ ಬರ್ಕೊಂಡ್ ಬಾ.”