ದ್ಯಾಮವ್ವ ಓದಿದ ಬೋರ್ಡು

ಒಂದು ಸಣ್ಣ ಪಟ್ಟಣ. ಅಲ್ಲಿ ಒಬ್ಬ ನಿವೃತ್ತ ಮಾಸ್ತರರು, ಮಡಿವಾಳಪ್ಪ ಅಂತ. ಕೆಟ್ಟವರಲ್ಲ, ಮೊದಲೇ ಹೇಳಿಬಿಡ್ತೀನಿ. ಊರೆಲ್ಲ ಓದಬೇಕು ಅನ್ನೋದು ಅವರ ಆಸೆ. ಅದಕ್ಕೇ ಮೊಬೈಲಿನಲ್ಲಿ ಒಂದು ಓದುಗರ ಗುಂಪು ಮಾಡಿದರು. ಇವತ್ತು ಏನು ಓದಿದಿರಿ, ಎರಡು ಸಾಲು ಬರೀರಿ, ಅಷ್ಟೇ ನಿಯಮ. ಇನ್ನೂರು ಜನ ಸೇರಿದರು.

ಸೊಪ್ಪು ಮಾರುವ ದ್ಯಾಮವ್ವನೂ ಸೇರಿದಳು. ಐವತ್ತೆರಡು ವರ್ಷಕ್ಕೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವಳು. ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ಬರೆದಳು: 'ನಾನು ಇವತು ಬಸಿನ ಬೋರಡು ಒದಿದೆ.'

ಓದಿದೆ ಅನ್ನೋದಕ್ಕೆ ಒದಿದೆ. ಬೇರೆ ತಪ್ಪುಗಳೂ ಇದ್ದವು, ಅರ್ಥ ಕೆಡಿಸಿದ್ದು ಮಾತ್ರ ಒಂದು ದೀರ್ಘ ನೋಡಿ, ಒಂದೇ ಒಂದು ದೀರ್ಘ.

ಮಾಸ್ತರರ ಕೈ ಸುಮ್ಮನಿರಲಿಲ್ಲ. 'ಅಮ್ಮಾ, ಬೋರ್ಡು ಓದಬೇಕು, ಒದೆಯಬಾರದು. ಕಾಲಿಗೆ ಪೆಟ್ಟಾಗಿಲ್ಲ ತಾನೆ?' ಅಂತ ಹಾಕಿದರು. ಅದರ ಕೆಳಗೆ ನಗುವ ಮುಖಗಳು ಬಂದವು. ಒಂದಲ್ಲ ಎರಡಲ್ಲ, ನಲವತ್ತು. ಸ್ವಲ್ಪ ಹೊತ್ತಿಗೆ ದ್ಯಾಮವ್ವ ಗುಂಪು ಬಿಟ್ಟಿದ್ದಳು. ಮಾಸ್ತರರು ಅದನ್ನ ಗಮನಿಸಲೂ ಇಲ್ಲ.

ನಾಲ್ಕು ದಿನ ಕಳೀತು. ಮಾಸ್ತರರು ಮೆಂತ್ಯ ಸೊಪ್ಪಿಗೆ ಅಂತ ಮಾರುಕಟ್ಟೆಗೆ ಹೋದರು. ದ್ಯಾಮವ್ವ ಕಟ್ಟು ಕೊಟ್ಟಳು, ಮುಖ ಎತ್ತಲಿಲ್ಲ.

"ಯಾಕ್ರೀ ದ್ಯಾಮವ್ವ, ಗುಂಪಿನ್ಯಾಗ ಮತ್ತ ಏನೂ ಬರೀವಲ್ರಿ?"

"ಬಿಟ್ಟೀನ್ರಿ ಸರ್ರ. ನೀವು ಹೇಳಿದ್ದು ಖರೇನ ಐತಿ. ತಪ್ಪು ಬರದಿದ್ದೆ." ಆಕೆ ಸೊಪ್ಪಿಗೆ ನೀರು ಚಿಮುಕಿಸಿದಳು. "ಇಷ್ಟು ವರ್ಷ ಸ್ಟ್ಯಾಂಡಿನ್ಯಾಗ ನಿಂತು, ಈ ಬಸ್ಸು ಎಲ್ಲಿಗಿ ಹೊಕ್ಕೈತ್ರಿ ಅಂತ ಕಂಡಕಂಡವರನ್ನ ಕೇಳೀನಿ. ಕೆಲವರು ಹೇಳತಿದ್ರು, ಕೆಲವರು ಬೈತಿದ್ರು. ಅವತ್ತ ಯಾರನ್ನೂ ಕೇಳಲಿಲ್ಲ. ನಾನ ಓದಿ ಹತ್ತಿದೆ. ಯಾರಿಗರೆ ಹೇಳಬೇಕು ಅನಿಸ್ತು. ಮನ್ಯಾಗ ಕೇಳಾವ್ರು ಯಾರೂ ಇಲ್ಲ. ಅದಕ್ಕ ನಿಮಗ ಹೇಳಿದೆ."

ಮೂವತ್ತೈದು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿದ ಮನುಷ್ಯ, ಸೊಪ್ಪಿನ ಕಟ್ಟು ಹಿಡಿದು ಹಾಗೇ ನಿಂತರು. ಒಬ್ಬಳು ತನ್ನ ಜೀವನದ ದೊಡ್ಡ ಸುದ್ದಿ ತಂದು ನನ್ನ ಮುಂದೆ ಇಟ್ಟಳು, ನಾನು ನೋಡಿದ್ದು ಏನನ್ನ ಅಂತ ಅನ್ನಿಸಿತು ಅವರಿಗೆ.

ಮನೆಗೆ ಬಂದು ಗುಂಪಿನಲ್ಲಿ ಬರೆದರು. ನಾಲ್ಕು ಸಲ ಅಳಿಸಿ ಬರೆದರು. 'ದ್ಯಾಮವ್ವನವರು ತಮ್ಮ ಸಂತೋಷ ಹೇಳಿಕೊಂಡರು. ನಾನು ಅಕ್ಷರ ನೋಡಿದೆ, ಅವರನ್ನು ನೋಡಲಿಲ್ಲ. ಎಲ್ಲರೆದುರು ನಗಿಸಿದೆ, ಎಲ್ಲರೆದುರು ಕ್ಷಮೆ ಕೇಳುತ್ತೇನೆ.'

ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಮೊಬೈಲನ್ನ ಆಕೆ ಕೈಗೇ ಕೊಟ್ಟರು. ತಾವು ಓದಿ ಹೇಳಲಿಲ್ಲ ನೋಡಿ, ಆಕೆಯೇ ಓದಲಿ ಅಂತ ಕಾದರು. ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಗಿರಾಕಿಗಳೂ ಕಾದರು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು, "ಒಂದೂ ತಪ್ಪಿಲ್ಲ ಬಿಡ್ರಿ ಸರ್ರ. ನನ್ನ ಮತ್ತ ಸೇರಿಸ್ರಿ."

ಆಕೆ ಆ ಬೋರ್ಡಿನ ಸುದ್ದಿಯನ್ನೇ ಮತ್ತೆ ಬರೆದಳು. ತಪ್ಪುಗಳಿದ್ದವು. ಈ ಸಲ ಜನ ಕೇಳಿದ್ದು, 'ಯಾವ ಊರಿನ ಬಸ್ಸು ಅಕ್ಕಾ? ಎಲ್ಲಿಗೆ ಹೋದಿರಿ?' ಅಂತ. ಅಷ್ಟರಲ್ಲಿ ಇನ್ನೊಬ್ಬರ ಸಂದೇಶ ಬಂತು: 'ನನಗೂ ಓದಲು ಬರೋದಿಲ್ಲ. ಇಷ್ಟು ದಿನ ನಾಚಿಕೆಗೆ ಹೇಳಿರಲಿಲ್ಲ. ಇದನ್ನ ಮಗಳ ಕೈಲಿ ಬರೆಸ್ತಿದೀನಿ. ಅಕ್ಕ ಅಕ್ಷರ ಕಲಿತ ತರಗತಿ ಎಲ್ಲಿ ನಡೀತದೆ?' ಮಾಸ್ತರರು ಉತ್ತರ ಬರೆಯೋಕೆ ಹೊರಟು, ಕೈ ತಡೆದರು. ದ್ಯಾಮವ್ವ ಹೇಳಲಿ ಅಂತ. ದ್ಯಾಮವ್ವನೇ ಹೇಳಿದಳು.

ಈಗ ನಮ್ಮ ನಿಮ್ಮ ಮಾತಿಗೆ ಬರೋಣ. ಮಾಸ್ತರರಿಗೆ ತಮ್ಮ ತಪ್ಪು ಕಂಡಿತು, ಕ್ಷಮೆಯನ್ನೂ ಕೇಳಿದರು. ಆ ನಲವತ್ತು ಜನ? ನಂದೇನು, ಒಂದು ನಗುವ ಮುಖ ಒತ್ತಿದೆ ಅಷ್ಟೇ ಅಂತ ನಲವತ್ತು ಜನವೂ ಅಂದುಕೊಂಡರು. ನಾವು ಇರೋದು ಆ ನಲವತ್ತರಲ್ಲೇ ಅಲ್ಲವೇ?

ತಿದ್ದಬೇಡಿ ಅಂತ ನಾನು ಹೇಳೋದಿಲ್ಲ. ತಿದ್ದುವುದಿದ್ದರೆ ಅವರೊಬ್ಬರಿಗೇ ಹೇಳಿ, ಮೆಲ್ಲಗೆ ಹೇಳಿ. ಹೊಗಳುವುದಿದ್ದರೆ ಎಲ್ಲರೆದುರು ಹೊಗಳಿ. ಬೆರಳು ಒತ್ತುವ ಮುಂಚೆ, ಇದೇ ಮಾತನ್ನ ಅವರ ಮನೆ ಕಟ್ಟೆ ಮೇಲೆ ಕೂತು, ಅವರ ಮುಖ ನೋಡಿ ಆಡ್ತಿದ್ದೆನಾ ಅಂತ ಕೇಳಿಕೊಳ್ಳಿ. ಇಲ್ಲಿಂದ ಎದ್ದು ಹೋದ ಮೇಲೆ ನಿಮ್ಮ ಗುಂಪುಗಳನ್ನ ಒಮ್ಮೆ ತೆಗೆದು ನೋಡಿ. ಮೊದಲು ಬರೀತಿದ್ದವರು, ಈಗ ಯಾರು ಸುಮ್ಮನಾಗಿದ್ದಾರೆ? ಅವರಿಗೊಂದು ಫೋನ್ ಮಾಡಿ. ಏನು ಓದಿದೆಯವ್ವಾ, ಹೇಳು, ಕೇಳ್ತೀನಿ ಅನ್ನಿ.