ಮೂರನೇ ಕೂಗು

ನಗಬಾರದು... ನಕ್ಕರೆ ನಾನು ಹೇಳಲ್ಲ. ಹಿಂಗೆ ಟೆರೇಸ್ ಮೇಲೆ ಎಲ್ಲರ ಮುಂದೆ ಕೂತು ಮಾತಾಡಿ ನಂಗೆ ಅಭ್ಯಾಸ ಇಲ್ಲ. ಪುಸ್ತಕದ್ದಾದ್ರೆ ಓದಿಬಿಡ್ತೀನಿ. ಇದು ಪುಸ್ತಕದ್ದಲ್ಲ. ಬಿಲ್ಡಿಂಗಲ್ಲಿ ಎಲ್ಲರ ಮನೆಗೂ ಕಾಲಿಂಗ್ ಬೆಲ್ ಇದೆ, ನಿಮ್ಮನೆಗೆ ಮಾತ್ರ ಯಾಕಿಲ್ಲ ಅಂತ ಕೇಳಿದ್ರಲ್ಲ... ಅದಕ್ಕೆ ಹೇಳ್ತಿದೀನಿ.

ಹೋದ ವರ್ಷ. ರಾತ್ರಿ ಹತ್ತೂವರೆ. ನಾನೂ ನಮ್ಮ ದೊಡ್ಡಪ್ಪನ ಮಗನೂ ಇಲ್ಲೇ ಕೆಳಗೆ, ಆ ಬಾವಿ ಪಕ್ಕದಲ್ಲೇ ನಮ್ಮ ಹಳೇ ಮನೆಗೆ ಹೊರಟಿದ್ವಿ. ಆಗಿನ್ನೂ ಬಾವಿಗೆ ಕಬ್ಬಿಣದ ಜಾಲರಿ ಹಾಕಿರಲಿಲ್ಲ. ಅಣ್ಣನ ಹೆಗಲಲ್ಲಿ ಸಾಮಾನಿನ ಚೀಲ. ಚಪ್ಪಲಿ ಸದ್ದು... ಚಟ್, ಚಟ್. ಕಾಲಡಿ ಜಲ್ಲಿ ಕರಕರ. ಅಷ್ಟೇ.

ಆಗ ಚೀಲದೊಳಗಿಂದ... ಟ್ರ್ರ್ರ್.

ತಡೀರಿ. ಮೊದಲು ಅವತ್ತಿನ ಸಂಜೆದು ಹೇಳ್ಬೇಕು.

ಈ ಬಿಲ್ಡಿಂಗ್ ಮೊದಲು ಐಸ್ ಫ್ಯಾಕ್ಟರಿ, ಅದು ನಿಮಗೂ ಗೊತ್ತು. ಮನೆ ಮಾಡುವಾಗ ವೈರಿಂಗ್ ಎಲ್ಲಾ ಅಣ್ಣನದೇ. ಈಗ ನನ್ನ ರೂಮಿದೆಯಲ್ಲ, ಅದರ ಹಿಂದೆ ಇನ್ನೊಂದು ಪುಟ್ಟ ಕೋಣೆ ಇತ್ತು. ಐಸ್ ಗಡ್ಡೆ ಪೇರಿಸಿಡೋದು. ಕಿಟಕಿ ಇಲ್ಲ, ಗೇಣು ದಪ್ಪದ ಬಾಗಿಲು. ಯಾರಿಗೂ ಬೇಡ ಅಂತ ಅದನ್ನ ಇಟ್ಟಿಗೆ ಕಟ್ಟಿ ಮುಚ್ಚಿಬಿಡೋದು ಅಂತಾಯ್ತು. ಅದರೊಳಗೆ ಗೋಡೆ ಮೇಲೊಂದು ಬೆಲ್ ಗುಂಡಿ. ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ಒತ್ತಬೇಕು, ಹೊರಗೆ ಬೆಲ್ ಹೊಡೆಯುತ್ತೆ. ಆ ಬೆಲ್ ಬಿಚ್ಚೋಕೆ ಅಣ್ಣ ಬಂದಿದ್ದ. ಹೊಸ ಮನೆ ನೋಡೋಕೆ ನಾನೂ ಬಾಲದ ಥರ ಹಿಂದೆ.

ಫ್ಯಾಕ್ಟರಿ ಕಾಲದಿಂದ ಇದ್ದ ವಾಚ್‌ಮನ್ ತಾತ ಅಣ್ಣನ್ನ ನಿಲ್ಲಿಸಿಕೊಂಡ್ರು.

"ಬಾಗಿಲು ಮುಚ್ಚೋಕೆ ಮುಂಚೆ ಮೂರು ಸಲ ಕೂಗ್ಬೇಕು ಕಣಪ್ಪ. ಯಾರಿದೀರಿ ಒಳಗೆ ಅಂತ. ಕೊನೆಗೆ ಹೊರಗೆ ಬರೋನು ಕೂಗ್ಬೇಕು. ಇಲ್ಲಿನ ಪದ್ಧತಿ."

"ಈಗ್ಯಾಕೆ ತಾತ? ಐಸೇ ಇಲ್ವಲ್ಲ."

ತಾತ ದನಿ ತಗ್ಗಿಸಿದ್ರು. "ಇಲ್ಲೊಬ್ಬ ಇದ್ದ. ಮಾತು ತೊದಲೋದು. ಎಲ್ಲರೂ ಆಡಿಕೊಂಡು ನಗೋರು. ಹಂಗಾಗಿ ಕೂಗಿದ ತಕ್ಷಣ ಓ ಅನ್ನುತ್ತಿರಲಿಲ್ಲ. ಗಂಟಲು ಸರಿಮಾಡ್ಕೊಂಡು, ಮನಸ್ಸು ಗಟ್ಟಿಮಾಡ್ಕೊಂಡು... ಮೂರನೇ ಕೂಗಿಗೇ ಓ ಅನ್ನೋನು. ಒಂದಿನ ಬಾಗಿಲು ಹಾಕೋನಿಗೆ ಅವಸರ. ಎರಡೇ ಸಲ ಕೂಗ್ದ. ಅವತ್ತು ಕರೆಂಟೂ ಇರಲಿಲ್ಲ, ಬೆಲ್ ಹೊಡೀಲಿಲ್ಲ."

ಆಮೇಲೇನಾಯ್ತು ಅಂತ ನಾವು ಕೇಳಲಿಲ್ಲ.

ಒಳಗೆ ಹೋದ್ವಿ. ಗಾರೆ ಮೇಸ್ತ್ರಿ ಸಿಮೆಂಟ್ ಕಲಸಿಟ್ಟು ಕಾಯ್ತಿದ್ರು. ಅಣ್ಣ ವೈರ್ ಕತ್ತರಿಸಿದ. ಬೆಲ್ ಬಿಚ್ಚಿ ಚೀಲಕ್ಕೆ ಹಾಕಿದ. ಬಾಗಿಲಲ್ಲಿ ನಿಂತು, "ಯಾರಿದೀರಿ ಒಳಗೆ?" ಅಂದ.

ಮೇಸ್ತ್ರಿ ಕಿಸಕ್ಕಂದ್ರು. "ಯಾರಪ್ಪಾ ಒಳಗಿರೋದು, ನಿನ್ನ ಹೆಂಡ್ತೀನಾ?"

ಅಣ್ಣನಿಗೆ ಇನ್ನೂ ಮದುವೆ ಆಗಿಲ್ಲ. ಕಿವಿ ಕೆಂಪಗಾಯ್ತು. ಆದ್ರೂ ಎರಡನೇ ಸಲ ಕೂಗ್ದ. ದನಿ ಒಡೆದು ಕೀಚಲಾಯ್ತು. ಆಗ... ನಾನು ನಕ್ಕುಬಿಟ್ಟೆ.

ಕ್ಲಾಸಲ್ಲಿ ಎದ್ದು ಉತ್ತರ ಹೇಳುವಾಗ ನನ್ನ ದನಿ ಹೆಂಗಾಗುತ್ತೆ, ಎಷ್ಟು ಜನ ನಗ್ತಾರೆ, ನಂಗೆ ಗೊತ್ತು. ನಂಗೇ ಗೊತ್ತಿದ್ದೂ ನಕ್ಕೆ. ಹೊಟ್ಟೆ ಹಿಡ್ಕೊಂಡು ನಕ್ಕೆ.

ಅಣ್ಣ ಮೂರನೇ ಸಲ ಕೂಗಲಿಲ್ಲ. "ಹಾಕಿ ಮೇಸ್ತ್ರಿ" ಅಂದುಬಿಟ್ಟ.

ಗೋಡೆ ಮುಗಿಯೋ ಹೊತ್ತಿಗೆ ರಾತ್ರಿ ಆಗಿತ್ತು. ಗೇಟಲ್ಲಿ ತಾತ ಕೇಳಿದ್ರು, "ಮೂರು ಸಲ ಕೂಗಿದ್ರಾ?" ಅಣ್ಣ ನನ್ನ ಮುಖ ನೋಡಿದ. ನಾನೇ ಅಂದೆ, "ಹೂಂ ತಾತ, ಮೂರು ಸಲ."

ಆಮೇಲೆ ಬಾವಿ ಪಕ್ಕ... ಟ್ರ್ರ್ರ್.

ಅಣ್ಣ ನಿಂತ. ಪಿಸುಗುಟ್ಟಿದ.

"ಕೇಳಿಸ್ತಾ?"

"ಏನು?" ಅಂದೆ. ಚೆನ್ನಾಗೇ ಕೇಳಿಸಿತ್ತು.

ಟ್ರ್ರ್ರ್... ಈ ಸಲ ಉದ್ದಕ್ಕೆ. ಯಾರೋ ಗುಂಡಿ ಮೇಲಿಂದ ಬೆರಳೇ ತೆಗೀತಿಲ್ಲ ಅನ್ನೋ ಹಂಗೆ. ಅಣ್ಣ ಬೆಲ್ ಹೊರಗೆ ತೆಗೆದ. ಎರಡು ವೈರೂ ಗೇಣುದ್ದಕ್ಕೆ ಕತ್ತರಿಸಿದ್ದು ಹಂಗೇ ಜೋತಾಡ್ತಿತ್ತು.

"ವಾಪಸ್ ಹೋಗಿ ಕೂಗಿ ಬರೋಣ್ವಾ?"

"ಮೇಸ್ತ್ರಿ ಇನ್ನೂ ಅಲ್ಲೇ ಇದಾರೆ ಅಣ್ಣ. ನಗ್ತಾರೆ."

ಅಷ್ಟೇ ನಾನಂದಿದ್ದು. ಅಣ್ಣ ಆ ಬೆಲ್ ಬಾವಿಗೆ ಎಸೆದ. ಇಬ್ಬರೂ ಬಗ್ಗಿ ಕಿವಿಗೊಟ್ವಿ... ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ.

ಆಮೇಲೆ ಅಣ್ಣ ಎಲ್ಲರ ಮನೆಗೂ ಬೆಲ್ ಹಾಕಿಕೊಟ್ಟ, ನಮ್ಮನೆಗೆ ಮಾತ್ರ ಹಾಕಲಿಲ್ಲ. ಅಪ್ಪ ಬೈದ್ರು. "ನಾಳೆ ಹಾಕ್ತೀನಿ ಚಿಕ್ಕಪ್ಪ" ಅಂತಲೇ ವರ್ಷ ತಳ್ಳಿದ.

ನನ್ನ ಮಂಚ ಆ ಗೋಡೆಗೇ ಅಂಟಿಕೊಂಡಿದೆ. ಒಂದು ವರ್ಷ ನಾನು ಗೋಡೆಗೆ ಬೆನ್ನು ಹಾಕಿ ಮಲಗಿದೆ. ಮೊನ್ನೆ ರಾತ್ರಿ ತಡೀಲಿಲ್ಲ. ಗೋಡೆ ಹತ್ರ ಬಾಯಿಟ್ಟು, "ಯಾರಿದೀರಿ ಒಳಗೆ?" ಅಂದೆ. ಒಂದೇ ಸಲ. ಬಾಕಿ ಉಳಿದಿದ್ದು ಅದೊಂದೇ ಅಲ್ವಾ.

ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಒಳಗಡೆ... ಹ್‌ಮ್... ಹ್‌ಮ್‌ಹ್‌ಮ್... ಯಾರೋ ಗಂಟಲು ಸರಿಮಾಡ್ಕೊಂಡ್ರು.

ಅವನಿಗೆ ಮಾತು ಶುರು ಮಾಡೋಕೆ ಹೊತ್ತು ಬೇಕು. ನಂಗೆ ಗೊತ್ತು. ಗೊತ್ತಿದ್ದೂ ಎದ್ದು ಓಡಿದೆ. ಅಮ್ಮನ ಪಕ್ಕ ಹೊದ್ದು ಮಲಗಿಬಿಟ್ಟೆ.

ನಿನ್ನೆ ಅಪ್ಪನಿಗೆ ಎಲ್ಲಾ ಹೇಳಿದೆ. ನಕ್ಕಿದ್ದು, ಸುಳ್ಳು ಹೇಳಿದ್ದು, ಓಡಿದ್ದು, ಎಲ್ಲಾ. ಅಪ್ಪ ಬೈಯಲಿಲ್ಲ, ಅದಕ್ಕೇ ಜಾಸ್ತಿ ನಾಚಿಕೆ ಆಯ್ತು. ಭಾನುವಾರ ಅಣ್ಣ ಸುತ್ತಿಗೆ ತರ್ತಾನೆ. ಗೋಡೆ ಒಡೀತೀವಿ. ಕೂಗೋದು ನಾನೇ, ನಿಮ್ಮೆಲ್ಲರ ಮುಂದೆ. ಎಷ್ಟು ಹೊತ್ತಾದ್ರೂ ಕಾಯ್ತೀನಿ.

ಸುಳ್ಳು ಅನ್ಸುತ್ತಾ? ಎದುರುಮನೆ ಆಂಟಿ ಇಲ್ಲೇ ಇದಾರೆ, ಕೇಳಿ. ಇವತ್ತು ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಹಳೇ ಬೆಲ್ ಬಿದ್ದಿತ್ತು, ಗೇಣುದ್ದದ ಎರಡು ವೈರ್ ಸಮೇತ. ಆಂಟಿ ಕೈಗೆತ್ತಿಕೊಂಡು, "ಅಂತೂ ಬೆಲ್ ಹಾಕಿಸ್ತಿದೀರಾ?" ಅಂತ ನಗ್ತಾ ಅಮ್ಮನಿಗೆ ಕೊಟ್ರು. ಬಾವಿ ಜಾಲರಿಗೆ ಹಾಕಿದ ಬೀಗ ಹಾಗೇ ಇದೆ, ಒಳಗೆ ನೀರೂ ಇದೆ, ನಾನು ಹೋಗಿ ನೋಡಿ ಬಂದೆ.

ಆಂಟಿ, ನೀವೇ ಹೇಳಿ... ಮುಟ್ಟಿದ್ರಲ್ಲ. ಒಂದು ಹನಿಯಾದ್ರೂ ಒದ್ದೆ ಇತ್ತಾ?