ಹಳೇ ಕಾಪಿ ಎಲ್ಲಿದೆ

ಬೆಳಗಿನ ಪ್ರಾರ್ಥನೆ ಕೇಳುವ ರೇಡಿಯೊ ಕೆಟ್ಟಿತ್ತೆಂದು ನಾನು ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ತಮ್ಮನ ಮಡಿಲಲ್ಲಿ ಅಂಗೈಯಗಲದ ಸರ್ಕ್ಯೂಟ್ ಬೋರ್ಡು. ಅವರು ಕೋಳಿಮರಿ ಮಾಡಿಸುವ ಪೆಟ್ಟಿಗೆಯ ಶಾಖ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಅದೆಂದು ಮಾತಿನಲ್ಲೇ ತಿಳಿಯಿತು.

“ನಿಜ ಹೇಳು, ಏನ್ ಮಾಡ್ದೆ ಇದಕ್ಕೆ?”

“ಏನೂ ಇಲ್ಲಕ್ಕ. ತಾನಾಗೇ ನಿಂತೋಯ್ತು.”

“ತಾನಾಗೇ ನಿಲ್ಲೋಕೆ ಅದೇನು ನಿನ್ನ ಬೈಕಾ?”

“ಬೂಟ್ ಸಾಫ್ಟ್‌ವೇರ್ ಹೊಸದು ಹಾಕ್ತಿದ್ದೆ. ಆನ್ ಮಾಡಿದ ತಕ್ಷಣ ಬೋರ್ಡನ್ನ ಎಬ್ಬಿಸೋದೇ ಅದು. ಅರ್ಧದಲ್ಲಿ ಕರೆಂಟ್ ಹೋಯ್ತು.”

“ಕರೆಂಟ್ ಹೋಯ್ತಾ? ನಾನು ಆಗ ಮಿಕ್ಸಿ ತಿರುಗಿಸ್ತಿದ್ದೆನಲ್ಲೋ!”

ತಮ್ಮ ಕೆಮ್ಮಿದ.

“ಫೋನ್ ಚಾರ್ಜಿಗೆ ಹಾಕೋಣ ಅಂತ ಪ್ಲಗ್ ಕಿತ್ತೆ. ಮುಗಿದಿದೆ ಅಂದ್ಕೊಂಡಿದ್ದೆ.”

“ಹಾಗೆ ಬಾ ದಾರಿಗೆ! ಮೊಟ್ಟೆಗಳಿಗೆ ಕಂಬಳಿ ಸುತ್ತಿ ಬಲ್ಬ್ ಕೆಳಗಿಟ್ಟು ಬಂದಿದೀನಿ. ಸಂಜೆಯೊಳಗೆ ಇದು ಏಳದಿದ್ರೆ ಮರಿಗಳು ಒಳಗೇ ಸಾಯ್ತವೆ.”

“ಹೆದರ್ಬೇಡ. ಹಳೇದರ ಕಾಪಿ ತೆಗೆದಿಟ್ಟಿದೀನಿ. ಅದನ್ನ ಇವರು ವಾಪಸ್ ತುಂಬಿದ್ರೆ ಎದ್ದು ಕೂತ್ಕೊಳ್ಳುತ್ತೆ.”

“ಎಲ್ಲಿಟ್ಟಿದೀಯ?”

“ಭದ್ರವಾಗಿದೆ.”

“ಭದ್ರವಾಗಿ ಎಲ್ಲಿ?”

ಅವನು ಮಡಿಲಲ್ಲಿದ್ದ ಬೋರ್ಡನ್ನೇ ನೋಡಿದ.

“ಇದರೊಳಗೇ.”

ಅಷ್ಟರಲ್ಲಿ ರಿಪೇರಿಯವನು ಒಳಗಿನಿಂದ ಕೂಗಿದ: “ಮುಂದಿನವರು ಬನ್ನಿ!”

ಅವಳು ಬೋರ್ಡನ್ನು ಕೈಗೆತ್ತಿಕೊಂಡು, ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

“ನೀನೂ ಬಾ. ಎಲ್ಲಿಟ್ಟಿದೀಯ ಅಂತ ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದ್ರೆ ಆತ ನಂಬಲ್ಲ.”

ಇಬ್ಬರೂ ಪರದೆ ಸರಿಸಿ ಒಳಗೆ ಹೋದರು.